ದೋಣಿ ಬಿಲ್ಲೆಯ ಮೇಷ್ಟ್ರು

ಗೇಟಿನ ಸದ್ದು ಕೇಳಿದ್ದೇ ತಡ, ಮಗಳು ಬಾಗಿಲಿಗೆ ಅಡ್ಡ ನಿಂತಳು. ಇವತ್ತು ಆ ಮನುಷ್ಯನನ್ನು ಒಳಗೆ ಬಿಡುವ ಮಾತೇ ಇಲ್ಲ.

"ದಾರಿ ಬಿಡಮ್ಮ," ಎಂದರು ಹಿಂದಿನ ಬೀದಿಗೆ ಹೊಸದಾಗಿ ಬಂದ ಮೇಷ್ಟ್ರು. ಅಂಗಿಯ ಮೇಲೆ ದೋಣಿ ಪಕ್ಷದ ಬಿಲ್ಲೆ, ಅದೂ ತಲೆಕೆಳಗಾಗಿ. "ನಿಮ್ಮಪ್ಪನ ಹತ್ರ ಎರಡು ಮಾತಾಡಬೇಕು."

"ಅವರಿಗೆ ತಿರುಗಿ ಮಾತಾಡೋಕಾಗಲ್ಲ ಅಂತ ತಾನೇ ನಿಮಗಿಷ್ಟು ಧೈರ್ಯ?"

ಗಂಟೆ ಪಕ್ಷಕ್ಕಾಗಿ ಊರೆಲ್ಲ ಕೂಗಿ ಕೂಗಿಯೇ ಅಪ್ಪನಿಗೆ 'ಮೈಕು' ಎಂಬ ಹೆಸರು ಬಿದ್ದಿತ್ತು. ಪಾರ್ಶ್ವವಾಯು ಬಡಿದ ಮೇಲೆ ಮೈಕು ಕೆಟ್ಟಿತು. ಕೈಕಾಲು ಚೇತರಿಸಿಕೊಂಡವು, ನಾಲಿಗೆ ಮಾತ್ರ ಏಳಲಿಲ್ಲ. ಮಾತು ಬಂದರೂ ಬರಬಹುದು ಎಂದು ಹೇಳಿ ವೈದ್ಯರು ಕೈತೊಳೆದುಕೊಂಡಿದ್ದರು. ಪಕ್ಷದ ಗೆಳೆಯರು ಬಂದು ಕಣ್ಣೊರೆಸಿಕೊಂಡು ಹೋದರು. ದಿನವೂ ಬರುತ್ತಿದ್ದವರು ಈ ಮೇಷ್ಟ್ರೊಬ್ಬರೇ, ಗಾಯಕ್ಕೆ ಉಪ್ಪು ಸವರಲು.

"ಬರಲಿ ಬಿಡೇ," ಎಂದಳು ಅಮ್ಮ ಅಡುಗೆಮನೆಯಿಂದ. "ಅವರವರ ಅಭಿಪ್ರಾಯ ಅವರವರಿಗೆ." ದೋಣಿಯವರನ್ನು ಹೊಸಿಲು ದಾಟಲು ಬಿಡದಿದ್ದ ಅಮ್ಮ!

ಮೇಷ್ಟ್ರು ಕುರ್ಚಿಯನ್ನು ಅಪ್ಪನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡರು.

"ಊರಿನ ಸೇತುವೆ ಕಟ್ಟಿಸಿದ್ದು ನಿಮ್ಮ ಗಂಟೆಯವರಂತೆ. ಅಡಿಪಾಯ ಹಾಕಿದ್ದು ನಮ್ಮ ದೋಣಿ, ಸ್ವಾಮಿ. ನೀವು ಬಣ್ಣ ಬಳಿದಿರಿ, ಅಷ್ಟೆ."

ಹೇಳಿ, ಅಪ್ಪನ ತುಟಿಯನ್ನೇ ನೋಡುತ್ತ ಕಾದರು. ಅಪ್ಪನ ಕತ್ತಿನ ನರ ಉಬ್ಬಿತು.

"ನಿಮ್ಮ ಸಭೆಗೆ ಬರೋರೆಲ್ಲ ಬಾಡಿಗೆ ಜನ." ಮತ್ತೆ ಕಾದರು.

"ಸಾಕು, ಏಳಿ," ಎಂದು ಮಗಳು ಅವರ ತೋಳಿಗೆ ಕೈ ಹಾಕಿದಳು.

"ಸು..."

ಅವಳ ಕೈ ಅಲ್ಲೇ ನಿಂತಿತು.

"ಸು... ಸುಳ್ಳು," ಎಂದರು ಅಪ್ಪ. "ಮು... ಮುಚ್ಚು ಬಾಯಿ."

"ಮುಚ್ಚಲ್ಲ," ಎಂದರು ಮೇಷ್ಟ್ರು. "ನೀವೂ ಮುಚ್ಚಬೇಡಿ."

"ನಾ... ನಾಳೆ ಬಾ. ನೋಡ್ಕೋತೀನಿ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಕೈಜಾರಿ ಬಿತ್ತು.

ಗೇಟಿನ ಬಳಿ ಅಮ್ಮ ಮೇಷ್ಟ್ರಿಗೆ ಕೈಮುಗಿದಳು. ಮಗಳು ಕ್ಷಮೆ ಕೇಳಲೆಂದು ಹಿಂದೆಯೇ ಓಡಿಬಂದಳು. ಮೇಷ್ಟ್ರು ಅತ್ತಿತ್ತ ನೋಡಿ, ದೋಣಿಯ ಬಿಲ್ಲೆ ಕಿತ್ತು ಅಮ್ಮನ ಕೈಗೆ ಕೊಟ್ಟರು. ಜೇಬಿನಿಂದ ಇನ್ನೊಂದನ್ನು ತೆಗೆದು ಚುಚ್ಚಿಕೊಂಡರು. ಸವೆದು ಹೊಳೆಯುತ್ತಿದ್ದ ಗಂಟೆ.

"ನೀವು ಹೇಳಿದ ಹಾಗೇ ಮಾಡಿದೆ ತಾಯಿ. ಆದ್ರೆ ನಾಳೆಯಿಂದ ನಿಜವಾದ ದೋಣಿಯವರನ್ನೇ ಯಾರನ್ನಾದ್ರೂ ಹುಡುಕಿ. ದಿನಾ ಅವರ ಪರ ವಾದಿಸಿ ವಾದಿಸಿ, ಆ ಸೇತುವೆ ವಿಷಯದಲ್ಲಿ ಅವರು ಹೇಳೋದೇ ಸರಿ ಅಂತ ನನಗೂ ಅನ್ನಿಸೋಕೆ ಶುರುವಾಗಿದೆ."