ಮುಗಿಲ ಹೂವು

ಅಬಿಡ್ಸಿನ ಮಿಠಾಯಿ ಅಂಗಡಿಯಲ್ಲಿ ಕೇದಗೆ ನೀರಿನ ಘಮ ಬಂದರೆ ಈಗಲೂ ನನ್ನ ಕೈ ಜಡೆಗೆ ಹೋಗುತ್ತದೆ.

ಕಾಚಿಗೂಡದ ನಮ್ಮ ಮನೆಯ ಮುಂದೆ ಒಂದು ಮಧ್ಯಾಹ್ನ ಹೂವಿನಾಕೆ ‘ಮೊಗಲಿ ಪುವ್ವು’ ಎಂದು ಕೂಗಿದಳು. ತೆಲುಗು ಬಾರದ ನನಗೆ ಅದು ‘ಮುಗಿಲ ಹೂವು’ ಎಂದು ಕೇಳಿಸಿತು. ಅಜ್ಜಿ ಕೊಂಡದ್ದು ಕೇದಗೆ: ಕತ್ತಿಯಂಥ ಉದ್ದನೆಯ ಎಸಳು, ಎರಡೂ ಅಂಚಿಗೆ, ಬೆನ್ನಿನ ನಡುನರಕ್ಕೂ ಗರಗಸದಂಥ ಮುಳ್ಳು.

“ಅಜ್ಜೀ, ಮುಗಿಲಿಂದ ಬಿದ್ದಿದ್ದಕ್ಕ ಮುಳ್ಳು ಯಾಕ?”

“ಬೀಳುವಾಗ ಮೋಡ ಹಿಡ್ಕೊಳ್ಳಾಕ ಬೇಕಲ್ಲವ್ವಾ.”

ಅದು ಸಮುದ್ರದ ದಂಡೆಯ ಗಿಡವೆಂದು ಅಪ್ಪ ತಿದ್ದಲು ಬಂದರು.

“ಸುಮ್ನಿರೋ, ನನ್ನ ಮೊಮ್ಮಗಳು ಹೇಳಿದ್ದ ಖರೆ,” ಎಂದಳು ಅಜ್ಜಿ.

ಮುಳ್ಳುಗಳನ್ನು ಬೆರಳಲ್ಲೇ ಕಿತ್ತು, ಎಸಳು ಮಡಚಿ ಜಡೆ ತುಂಬ ಹೆಣೆದಳು. ನನಗೆ ಒಂದೂ ಚುಚ್ಚಲಿಲ್ಲ.

ಯಾವತ್ತೂ ಕೈಯಲ್ಲೇ ಉಣ್ಣುವ ಅಜ್ಜಿ, ಅಂದು ಖಾರದ ಸಾರನ್ನಕ್ಕೆ ಚಮಚ ಕೇಳಿದಳು.