ಕೆಂಪು ಪೀಪಾಯಿ

ವಿಶ್ವ ಹಾಯಿದೋಣಿ ಸ್ಪರ್ಧೆಯಲ್ಲಿ ಗೆದ್ದ ದೇಶಕ್ಕೇ ಮುಂದಿನ ನಾಲ್ಕು ವರ್ಷದ ಗಾಳಿ. ಉಳಿದವರಿಗೆ ಸ್ಪರ್ಧೆಯ ದಿನ ಮಾತ್ರ.

ಕೊನೆಯ ತಿರುವಿನಲ್ಲಿ ಗುಲಾಬಿಯ ದೋಣಿ ತಿರುವಿನ ಗುರುತಿಗೆ ತೇಲಿಬಿಟ್ಟಿದ್ದ ಕೆಂಪು ಪೀಪಾಯಿಯನ್ನು ಸವರಿತು. ತಾಗಿಸಿದವರು ತಾವಾಗಿಯೇ ದಂಡವಾಗಿ ಒಂದು ಸುತ್ತು ಹಾಕಬೇಕು; ಹೇಳಲು ಅಂಪೈರ್ ಇರುವುದಿಲ್ಲ. ಕಳೆದ ಸಲ ಅವಳ ಅಪ್ಪ ಹಾಗೆ ಸುತ್ತು ಹಾಕಿಯೇ ಸೋತಿದ್ದ. ಅಂದಿನಿಂದ ಅವರ ಊರು ಮರವಂತೆಯಲ್ಲಿ ಒಂದು ಎಲೆಯೂ ಅಲ್ಲಾಡಿರಲಿಲ್ಲ. ಅಪ್ಪನ ಜೊತೆ ಯಾರೂ ಮಾತಾಡುತ್ತಿರಲಿಲ್ಲ.

"ಯಾರೂ ಕಾಣ್ಲಿಲ್ಲೆ ಮಾರಾಯ್ತಿ, ಸೀದಾ ನಡಿ!" ಹಾಯಿ ಹಿಡಿದಿದ್ದ ಶಾಲಿನಿ ಕಿರುಚಿದಳು. ಹಿಂದಿನ ದೋಣಿ ಹತ್ತಿರವಾಗುತ್ತಿತ್ತು. ಗುಲಾಬಿ ಚುಕ್ಕಾಣಿ ತಿರುಗಿಸಲಿಲ್ಲ. ಸೀದಾ ಹೋದಳು.

ಗೆದ್ದು ಮನೆಗೆ ಬಂದಾಗ ಓಣಿಯ ಬಟ್ಟೆಗಳೆಲ್ಲ ಪಟಪಟ ಹಾರುತ್ತಿದ್ದವು. ಅಪ್ಪ ಕಿಟಕಿಯ ಬಳಿ ಗಾಳಿಗೆ ಮುಖವೊಡ್ಡಿ ಕೂತಿದ್ದ.

"ಪೀಪಾಯಿಗೆ ತಾಗ್ಲಿಲ್ಲೆ ಅಲ್ದಾ?" ಎಂದ.

ಗುಲಾಬಿ ಹೊರಗೆ ಹಾರುವ ಬಟ್ಟೆಗಳತ್ತ ತಿರುಗಿದಳು. ಅಪ್ಪ ಎದ್ದು ಕಿಟಕಿ ಮುಚ್ಚಿದ.