ಬಿಗೋನಿಯದ ಕಡ್ಡಿ

ನರ್ಸರಿಯ ಒದ್ದೆ ತೆಂಗಿನ ನಾರಿನ ವಾಸನೆ ಬಂದರೆ ಈಗಲೂ ನಾನು ಮೊದಲು ತಲೆಯೆತ್ತಿ ಮೇಲೆ ನೋಡುತ್ತೇನೆ.

ಅವತ್ತು ಜನ್ನಾಪುರದ ಅತ್ತೆ ನನ್ನನ್ನೂ ತಂಗಿ ಪುಟ್ಟಿಯನ್ನೂ ಶಿವಮೊಗ್ಗದ ಗಾಜಿನ ಮನೆ ತೋರಿಸಲು ಕರೆತಂದಿದ್ದರು. ಒಳಗೆ ಸೆಕೆ, ಕುಂಡಗಳ ಒದ್ದೆ ನಾರಿನ ವಾಸನೆ. ಬಿಗೋನಿಯದ ಎಲೆಗಳು ಬೆಕ್ಕಿನ ಕಿವಿಯಂತೆ ಮೆತ್ತಗಿದ್ದವು. ಅತ್ತೆಗೆ ಅದರ ಕಡ್ಡಿಯೊಂದು ಬೇಕಿತ್ತು.

"ಮಾಲೀನ ಕೇಳಿದ್ರೆ ಕೊಡಲ್ವಾ ಅತ್ತೆ?" ಎಂದೆ.

"ಕೇಳಿ ತಂದಿದ್ದು ಚಿಗುರಲ್ಲ ಕಣೇ, ಕದ್ದು ನೆಟ್ರೇ ಬರೋದು. ನೀನು ಬಾಗಿಲಲ್ಲಿ ನಿಂತ್ಕೋ, ಮಾಲಿ ಬಂದ್ರೆ ಕೆಮ್ಮು."

ಕಡ್ಡಿ ಮುರಿಯುವುದನ್ನು ನೋಡುವ ಆಸೆ ನನಗೆ. ಐದು ವರ್ಷದ ಪುಟ್ಟಿಯನ್ನು ನನ್ನ ಜಾಗದಲ್ಲಿ ನಿಲ್ಲಿಸಿ, "ಅಲ್ಲಾಡಿದ್ರೆ ನೋಡು" ಎಂದು ಗದರಿಸಿ ಬಂದೆ.

ಚಾವಣಿಯ ಮೇಲೆ ಮಂಗಗಳು ಧಡಧಡ ಓಡಿದವು. ಹೊರಗಿನಿಂದ ಮಾಲಿ ಓಡಿಬಂದ. "ಏಯ್, ಬನ್ರೀ ಈಚೆ!"

ಪುಟ್ಟಿ ಕೆಮ್ಮತೊಡಗಿದಳು. ಅತ್ತೆ ಕಡ್ಡಿಯನ್ನು ಸೆರಗಿನಲ್ಲಿ ಮುಚ್ಚಿ, "ನಾವೇನೂ ಮುರ್ದಿಲ್ಲ ಮಾರಾಯ" ಎಂದರು. ಪುಟ್ಟಿ ನನ್ನತ್ತ ನೋಡಿದಳು. ಅಲ್ಲೇ ನಿಲ್ಲು ಎಂದು ನಾನು ಕೈಸನ್ನೆ ಮಾಡಿದೆ.

ಮಾಲಿ ನಮ್ಮ ಕಡೆ ನೋಡಲೂ ಇಲ್ಲ. ಪುಟ್ಟಿಯನ್ನು ರಟ್ಟೆ ಹಿಡಿದು ಎಳೆದುಕೊಂಡ. ಅವಳು ನಿಂತಿದ್ದ ಜಾಗಕ್ಕೆ ಚಾವಣಿಯ ದೊಡ್ಡ ಗಾಜೊಂದು ಬಿದ್ದು ಪುಡಿಯಾಯಿತು.

"ಅಷ್ಟು ಕೂಗಿದ್ರೂ ಕೇಳ್ಸಲ್ವೇನಮ್ಮಾ?" ಎಂದ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಜಡೆ ಬಿಚ್ಚಿ, ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಗಾಜಿನ ಚೂರು ಹುಡುಕಿದರು. ಒಂದೂ ಸಿಗಲಿಲ್ಲ.

"ಅತ್ತೆ, ಅವ್ಳನ್ನ ಅಲ್ಲಿ ನಿಲ್ಸಿದ್ದು ನಾನು" ಎಂದೆ.

"ನಿನ್ನ ನಿಲ್ಸಿದ್ದು ನಾನಲ್ವೇನೇ" ಎಂದವರು ಮತ್ತೆ ಮೊದಲಿನಿಂದ ಹುಡುಕತೊಡಗಿದರು.